ಬೈಗುಳದ ಮಳೆಯಲ್ಲಿ ಬರೆಯುತ್ತಲೇ ಇರುವುದು ಹೇಗೆ? ಗೊತ್ತಿದ್ದವರು ತಿಳಿಸಿ

ಕೇಳಿದವರು: ಊರೂಟದ ಬ್ಲಾಗ್ ಬರೆಯುವವರು, ತುಮಕೂರು

ಎಂಟು ವರ್ಷದಿಂದ ಊರೂಟದ ಬಗ್ಗೆ ಬರೆಯುತ್ತಿದ್ದೇನೆ. ವರ್ಡ್‌ಪ್ರೆಸ್‌ನಲ್ಲಿ ಸ್ವಂತ ಬ್ಲಾಗ್ ಇದೆ, ಕೊಂಡಿ ಹಾಕಲು ಫೇಸ್‌ಬುಕ್ ಪುಟ ಇದೆ. ಕಳೆದ ತಿಂಗಳು "ಮುದ್ದೆಗೆ ರುಚಿ ಇಲ್ಲ ಅನ್ನುವವರು ಅದನ್ನು ಬಸ್ಸಾರಿನ ಜೊತೆ ಉಂಡಿರುವುದಿಲ್ಲ" ಎಂದು ಬರೆದಿದ್ದೆ. ಯಾರೋ ಮೊದಲ ಮೂರು ಪದ ಮಾತ್ರ ಕತ್ತರಿಸಿ ಸ್ಕ್ರೀನ್‌ಶಾಟ್ ಹಾಕಿದರು. ಮೂರು ದಿನದಲ್ಲಿ ಆರುನೂರು ಕಾಮೆಂಟು. ಜಾತಿ, ಜಿಲ್ಲೆ, ಮನೆಯವರು, ಎಲ್ಲವನ್ನೂ ಎಳೆದು ಬೈದರು. ಇಬ್ಬರು "ಮನೆ ಹುಡುಕಿಕೊಂಡು ಬರ್ತೀವಿ" ಎಂದು ಇನ್‌ಬಾಕ್ಸಿಗೇ ಕಳಿಸಿದ್ದಾರೆ. ಸಿಟ್ಟಿನಲ್ಲಿ ನಾನೂ ಒಂದು ಖಾರದ ಪೋಸ್ಟ್ ಹಾಕಿದೆ. ಅದು ಮಾಮೂಲಿಗಿಂತ ಹತ್ತು ಪಟ್ಟು ಜನಕ್ಕೆ ಮುಟ್ಟಿತು. ಈಗ ಕೂತಾಗೆಲ್ಲ ಅಂಥದ್ದೇ ಬರೆಯಬೇಕು ಅನ್ನಿಸುತ್ತಿದೆ, ಅದೇ ನನಗೆ ಹೆಚ್ಚು ಭಯ. ಕಾಮೆಂಟು ಪೂರ್ತಿ ಮುಚ್ಚಿಬಿಡಲಾ? ಬೆದರಿಕೆಗೆ ಏನು ಮಾಡಬೇಕು? ಬರೆಯುವುದನ್ನೇ ನಿಲ್ಲಿಸಲಾ?

ಕನ್ನಡ ಪುಟಗಳ ನಿರ್ವಾಹಕರು, ಮೈಸೂರು

ಮೇಡಂ, ಆರುನೂರು ಕಾಮೆಂಟಿಗೆ ಆರುನೂರು ಸಲ "ಇದಕ್ಕೇನು ಮಾಡಲಿ" ಎಂದು ಯೋಚಿಸಬೇಕಾಗಿ ಬಂತಲ್ಲ, ಸುಸ್ತು ಬರುವುದೇ ಅಲ್ಲಿಂದ. ಆ ತೀರ್ಮಾನವನ್ನು ತಲೆ ತಣ್ಣಗಿರುವ ಹೊತ್ತಲ್ಲಿ ಒಂದೇ ಸಲ ಮಾಡಿ ಬರೆದಿಟ್ಟುಕೊಳ್ಳಿ.

ತಪ್ಪು ತೋರಿಸಿದವರಿದ್ದರೆ ಅವತ್ತೇ ತಿದ್ದಿ, ಬರಹದ ತಲೆಯಲ್ಲೇ ದಿನಾಂಕ ಹಾಕಿ "ಇಂಥದ್ದನ್ನು ತಿದ್ದಲಾಗಿದೆ" ಎಂದು ಒಂದು ಸಾಲು ಸೇರಿಸಿ. ಅಭಿಪ್ರಾಯ ಬೇರೆ ಇದ್ದವರಿಗೆ ಒಂದೇ ಉತ್ತರ. ಎರಡನೆಯ ಸುತ್ತಿಗೆ ಹೋಗಬೇಡಿ, ಅಲ್ಲಿಂದ ಮುಂದೆ ಮಾತು ವಿಷಯ ಬಿಟ್ಟು ನಿಮ್ಮ ಮೇಲೆ ತಿರುಗುತ್ತದೆ. ಬೈದವರಿಗೆ ಉತ್ತರವಿಲ್ಲ, ಹೈಡ್. ಡಿಲೀಟ್ ಮಾಡಬೇಡಿ. ಫೇಸ್‌ಬುಕ್‌ನಲ್ಲಿ ಹೈಡ್ ಮಾಡಿದ ಕಾಮೆಂಟು ಬರೆದವರಿಗೂ ಅವರ ಸ್ನೇಹಿತರಿಗೂ ಕಾಣುತ್ತಲೇ ಇರುತ್ತದೆ, ಉಳಿದವರಿಗೆ ಕಾಣುವುದಿಲ್ಲ. ಹಾಗಾಗಿ ಅವರಿಗೆ ಗೊತ್ತೇ ಆಗುವುದಿಲ್ಲ. ಡಿಲೀಟ್ ಮಾಡಿದರೆ "ನನ್ನ ಕಾಮೆಂಟು ಅಳಿಸಿದರು" ಎಂದು ಇನ್ನೊಂದು ಪೋಸ್ಟ್ ಹುಟ್ಟುತ್ತದೆ. ಇನ್‌ಸ್ಟಾಗ್ರಾಂನ ರಿಸ್ಟ್ರಿಕ್ಟ್, ಯೂಟ್ಯೂಬಿನ "ಹೈಡ್ ಯೂಸರ್ ಫ್ರಂ ಚಾನೆಲ್" ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ.

ಇನ್ನು ಪದಪಟ್ಟಿ. ಫೇಸ್‌ಬುಕ್ ಪುಟದ ಸೆಟ್ಟಿಂಗ್ಸಿನಲ್ಲಿ ಬೇಡದ ಪದಗಳನ್ನು ಸೇರಿಸಬಹುದು, ಆ ಪದ ಇರುವ ಕಾಮೆಂಟು ತಾನಾಗಿ ಮರೆಯಾಗುತ್ತದೆ. ಕನ್ನಡದವರು ಇಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು ಲಿಪಿ. "ಬೇವರ್ಸಿ" ಎಂದು ಕನ್ನಡದಲ್ಲಿ ಮಾತ್ರ ಹಾಕಿದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ನುಸುಳುತ್ತದೆ, ಅದರಲ್ಲೂ 'ವಿ' ಹಾಕಿ ಒಂದು, 'ಡಬ್ಲ್ಯು' ಹಾಕಿ ಒಂದು, 'ಎ' ಬಿಟ್ಟು ಇನ್ನೊಂದು. ಪ್ರತಿ ಪದಕ್ಕೂ ಕನ್ನಡ ರೂಪ ಒಂದು, ಇಂಗ್ಲಿಷ್ ಅಕ್ಷರದ ರೂಪ ಮೂರೋ ನಾಲ್ಕೋ ಬೇಕು. ಕೂತು ಊಹಿಸುವ ಬದಲು ಈ ಆರುನೂರು ಕಾಮೆಂಟಿನಿಂದಲೇ ಹೆಕ್ಕಿ. ಬೈಯುವವರು ಬಳಸುವುದು ಸುಮಾರು ಅವೇ ಮೂವತ್ತು–ನಲವತ್ತು ಪದ.

ಎರಡನೆಯದು ವರ್ಡ್‌ಪ್ರೆಸ್‌ಗೆ ಸಂಬಂಧಿಸಿದ್ದು. ಅಲ್ಲಿ ಪದದೊಳಗಿನ ತುಂಡೂ ಸಿಕ್ಕಿಬೀಳುತ್ತದೆ. ವಿಭಕ್ತಿ ಹತ್ತಿಸಿಕೊಂಡು ಬರುವ ನಮ್ಮ ಭಾಷೆಗೆ ಇದರಿಂದ ಲಾಭವಿದೆ: "ಲೋಫರ್" ಹಾಕಿದರೆ "ಲೋಫರ್‌ಗಳು" ಕೂಡ ಸಿಗುತ್ತದೆ. ನಷ್ಟವೂ ಇದೆ. "ನಾಯಿ" ಎಂದು ಹಾಕಿದರೆ ನಾಯಿಕೊಡೆ ಸಾರಿನ ಬಗ್ಗೆ ಕೇಳಿದವರೆಲ್ಲ ಸಿಕ್ಕಿಬೀಳುತ್ತಾರೆ. "ಕತ್ತೆ" ಎಂದರೆ ಕತ್ತೆಕಿರುಬವೂ ಹೋಗುತ್ತದೆ. ಪ್ರಾಣಿಗಳ ಹೆಸರನ್ನು ಒಂಟಿಯಾಗಿ ಹಾಕಬೇಡಿ. ಡಿಸ್ಕಷನ್ ಸೆಟ್ಟಿಂಗ್ಸಿನಲ್ಲಿ ಎರಡು ಪೆಟ್ಟಿಗೆ ಕಾಣುತ್ತವೆ. "ಕಾಮೆಂಟ್ ಮಾಡರೇಷನ್" ಪೆಟ್ಟಿಗೆಯ ಪದಗಳು ಸಿಕ್ಕರೆ ಕಾಮೆಂಟು ನಿಮ್ಮ ಒಪ್ಪಿಗೆಗಾಗಿ ಕಾಯುತ್ತದೆ. "ಡಿಸ್‌ಅಲೌಡ್ ಕಾಮೆಂಟ್ ಕೀಸ್" ಪೆಟ್ಟಿಗೆಯದಾದರೆ ನೇರ ಕಸದಬುಟ್ಟಿಗೆ. ಮೊದಲ ವಾರ ಎಲ್ಲವನ್ನೂ ಮೊದಲ ಪೆಟ್ಟಿಗೆಗೇ ಹಾಕಿ, ಒಂದು ಸಾಲಿಗೆ ಒಂದು ಪದ. ತಪ್ಪಾಗಿ ಯಾರೂ ಸಿಕ್ಕಿಬೀಳುತ್ತಿಲ್ಲ ಎಂದು ಖಾತ್ರಿಯಾದ ಪದಗಳನ್ನು ಮಾತ್ರ ಎರಡನೆಯದಕ್ಕೆ ಸಾಗಿಸಿ.

ಅದೇ ಕಡೆ ಇನ್ನೆರಡು ಟಿಕ್ ಹಾಕಿ. ಹಿಂದೆ ಒಮ್ಮೆ ಒಪ್ಪಿಗೆ ಪಡೆದವರ ಕಾಮೆಂಟು ಮಾತ್ರ ನೇರ ಪ್ರಕಟವಾಗಲಿ ಎನ್ನುವುದು ಒಂದು. ಹಳೇ ಓದುಗರಿಗೆ ತಡೆಯೇ ಇರುವುದಿಲ್ಲ. 14 ದಿನ ದಾಟಿದ ಬರಹಗಳಿಗೆ ಕಾಮೆಂಟು ತಾನಾಗಿ ಮುಚ್ಚಲಿ ಎನ್ನುವುದು ಇನ್ನೊಂದು. ದಿನದ ಲೆಕ್ಕ ಬದಲಾಯಿಸಬಹುದು. ಎಂಟು ವರ್ಷದ ಹಳೇ ಬರಹ ಅಗೆದು ಬೈಯುವುದು ಇದರಿಂದ ನಿಲ್ಲುತ್ತದೆ. ಪೂರ್ತಿ ಮುಚ್ಚುವ ಅಗತ್ಯ ನನಗಂತೂ ಕಾಣುವುದಿಲ್ಲ.

ಬಿರುಗಾಳಿ ಎದ್ದ ದಿನ ಮೂಲ ಬರಹವನ್ನು ತೆಗೆಯಬೇಡಿ. ತೆಗೆದರೆ ಊರಲ್ಲಿ ಉಳಿಯುವುದು ಕತ್ತರಿಸಿದ ಸ್ಕ್ರೀನ್‌ಶಾಟ್ ಒಂದೇ. ಪೂರ್ತಿ ವಾಕ್ಯದ ಚಿತ್ರ, ಬರಹದ ಕೊಂಡಿ, ಪ್ರಕಟಿಸಿದ ದಿನಾಂಕ, ಈ ಮೂರನ್ನೇ ಹಾಕಿ ಪುಟದ ಮೇಲ್ತುದಿಗೆ ಪಿನ್ ಮಾಡಿ. ಕ್ಷಮೆ ಬೇಡ, ಸಮರ್ಥನೆಯೂ ಬೇಡ. ಆ ಪಿನ್ ಪೋಸ್ಟಿಗೆ ಕಾಮೆಂಟು ಯಾರು ಹಾಕಬಹುದು ಎಂಬಲ್ಲಿ "ಪೋಸ್ಟಿನಲ್ಲಿ ಹೆಸರಿಸಿದವರು ಮಾತ್ರ" ಎಂದು ಆರಿಸಿ, ಯಾರನ್ನೂ ಹೆಸರಿಸಬೇಡಿ. ಬಾಗಿಲು ಮುಚ್ಚಿದಂತೆಯೇ.

ಪ್ರತಿಗಳನ್ನು ತಿದ್ದುವವರು, ಶಿವಮೊಗ್ಗ

ಕತ್ತರಿ ಬಿದ್ದ ಜಾಗ ನೋಡಿ. ಕನ್ನಡದಲ್ಲಿ ಇನ್ನೊಬ್ಬರ ಮಾತು ಮೊದಲು ಬರುತ್ತದೆ, ಅದು ಇನ್ನೊಬ್ಬರದು ಎಂದು ಹೇಳುವ "ಅನ್ನುವವರು", "ಎಂಬುದು ಸುಳ್ಳು", "ಎಂದಲ್ಲ" ಆಮೇಲೆ ಬರುತ್ತವೆ. ಫೋನಿನ ಪರದೆಯಲ್ಲಿ ಒಂದು ಸಾಲಿಗೆ ಹಿಡಿಯುವುದು ನಾಲ್ಕೈದು ಪದ. "ಮುದ್ದೆಗೆ ರುಚಿ ಇಲ್ಲ" ಅಲ್ಲಿಗೇ ಸಾಲು ಮುರಿದಿರುತ್ತದೆ, ಸ್ಕ್ರೀನ್‌ಶಾಟ್ ತೆಗೆಯುವವರಿಗೆ ಶ್ರಮವೇ ಇಲ್ಲ. ಜನಕ್ಕೆ ಮೈಯುರಿಯುವ ವಿಷಯವಾದರೆ ನಿಮ್ಮ ಸ್ವಂತ ಮಾತು ವಾಕ್ಯದ ತಲೆಯಲ್ಲಿರಲಿ: "ಬಸ್ಸಾರಿನ ಜೊತೆ ಉಂಡು ನೋಡಿ, ಮುದ್ದೆಯ ರುಚಿ ಗೊತ್ತಾಗುತ್ತದೆ." ಇದನ್ನು ಎಲ್ಲಿ ಕತ್ತರಿಸಿದರೂ ಬೈಗುಳವಾಗುವುದಿಲ್ಲ. ಎದುರಾಳಿಯ ಮಾತನ್ನು ಎತ್ತಿ ಹೇಳಲೇಬೇಕಾದರೆ "ಕೆಲವರು ಹೇಳುತ್ತಾರೆ:" ಎಂದು ಮೊದಲೇ ಹಾಕಿಬಿಡಿ. ಶೀರ್ಷಿಕೆಗೂ ಕೊಂಡಿಯ ಜೊತೆ ಕಾಣುವ ಮೊದಲ ಎರಡು ಸಾಲಿಗೂ ಇದು ತಪ್ಪದೆ ಬೇಕು, ಬಹಳ ಜನ ಓದುವುದು ಅಷ್ಟನ್ನೇ.

ಓದುಗರು, ಹುಬ್ಬಳ್ಳಿ

ಅಕ್ಕಾರೆ, ಮ್ಯಾಲಿನವರು ಹೇಳಿದ್ದು ಶೀರ್ಷಿಕೆಗೆ ಸರಿ. ಒಳಗಿನ ವಾಕ್ಯಾನೆಲ್ಲ ಅಂಜಿ ಬದಲಿ ಮಾಡಬ್ಯಾಡ್ರಿ. ನಿಮ್ಮ ವಾಕ್ಯ ಭಾಳ ಚಂದ ಐತಿ, ಅದು ಹಾಂಗ ಇರಲಿ.

ಜಾಲತಾಣಗಳ ಬಗ್ಗೆ ಪಾಠ ಮಾಡುವವರು, ಬೆಂಗಳೂರು

ನೀವು ಭಯ ಅಂದ ಹತ್ತು ಪಟ್ಟಿನ ವಿಷಯಕ್ಕೆ ಬರುತ್ತೇನೆ. ಹತ್ತು ಪಟ್ಟು ಜನಕ್ಕೆ ನಿಮ್ಮ ಬರಹ ಹಿಡಿಸಿತು ಎಂದು ತಿಳಿಯಬೇಡಿ. ಫೇಸ್‌ಬುಕ್ 2016ರಲ್ಲಿ ಲೈಕಿನ ಜೊತೆಗೆ ಸಿಟ್ಟಿನ ಮುಖವೂ ಸೇರಿದಂತೆ ಹೊಸ ಗುರುತುಗಳನ್ನು (ರಿಯಾಕ್ಷನ್) ತಂದಿತು. ಯಾವ ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸಬೇಕು ಎನ್ನುವ ಲೆಕ್ಕದಲ್ಲಿ 2017ರಿಂದ ಅಂಥ ಒಂದು ಗುರುತಿಗೆ ಒಂದು ಲೈಕಿನ ಐದರಷ್ಟು ತೂಕ ಕೊಟ್ಟಿತ್ತು. ಸಿಟ್ಟಿನ ಮುಖದ ತೂಕವನ್ನು ಸೊನ್ನೆಗಿಳಿಸಿದ್ದು 2020ರಲ್ಲಿ. 2018ರ ಬದಲಾವಣೆಯಲ್ಲಿ ಕಾಮೆಂಟು, ಮರುಹಂಚಿಕೆಗಳ ತೂಕ ಏರಿತು. ಜಗಳ ನಡೆಯುವ ಕಡೆ ಕಾಮೆಂಟು ಹೆಚ್ಚು, ಹಾಗಾಗಿ ಜಗಳ ಮೇಲೆ ಬರುತ್ತದೆ.

ನೈತಿಕ ಆವೇಶದ ಪದ ಒಂದೊಂದು ಸೇರಿದಾಗಲೂ ಟ್ವೀಟಿನ ಹರಡುವಿಕೆ ಸುಮಾರು ಶೇ. 20ರಷ್ಟು ಏರುವುದನ್ನು 2017ರ ಒಂದು ಅಧ್ಯಯನ ತೋರಿಸಿತು. 2021ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ 7,331 ಬಳಕೆದಾರರ 1.27 ಕೋಟಿ ಟ್ವೀಟುಗಳನ್ನು ನೋಡಿ ಇನ್ನೊಂದನ್ನು ಕಂಡುಕೊಂಡಿತು: ಸಿಟ್ಟಿನ ಮಾತಿಗೆ ಲೈಕು, ಹಂಚಿಕೆ ಸಿಕ್ಕವರು ಮುಂದೆಯೂ ಹೆಚ್ಚು ಸಿಟ್ಟಿನಲ್ಲಿ ಬರೆಯುತ್ತಾರೆ. ನಿಮ್ಮ ಕೈ ಈಗ ಎಳೆಯುತ್ತಿರುವುದು ಆ ಕಡೆಗೇ, ಮತ್ತು ನೀವದನ್ನು ಬೇಗ ಗುರುತಿಸಿದ್ದೀರಿ.

ಮಾಡಬೇಕಾದ್ದು ಇಷ್ಟು. ಸಿಟ್ಟಿನಲ್ಲಿ ಬರೆದದ್ದನ್ನು ಡ್ರಾಫ್ಟಿನಲ್ಲಿ ಒಂದು ರಾತ್ರಿ ಬಿಡಿ. ಬೆಳಗ್ಗೆ "ನಾಚಿಕೆಗೇಡು", "ದ್ರೋಹ", "ಹೇಸಿಗೆ", "ಇಂಥವರು" ಮುಂತಾದ ಪದಗಳಿಗೆ ಗೆರೆ ಹೊಡೆದು ಉಳಿದದ್ದನ್ನು ಓದಿ. ವಾದ ನಿಂತಿದ್ದರೆ ಪ್ರಕಟಿಸಿ. ಗೆರೆ ಹೊಡೆದ ಮೇಲೆ ಏನೂ ಉಳಿಯದಿದ್ದರೆ ಅಲ್ಲಿ ವಾದವೇ ಇರಲಿಲ್ಲ. ಬೈದವರ ಪೋಸ್ಟನ್ನು ಟೀಕಿಸಲೆಂದು ಹಂಚಬೇಡಿ, ಹಂಚಿಕೆ ಹಂಚಿಕೆಯೇ, ನಿಮ್ಮ ಓದುಗರೇ ಅವರ ಪ್ರಚಾರಕರಾಗುತ್ತಾರೆ. ರೀಚ್, ಅಂದರೆ ಎಷ್ಟು ಜನಕ್ಕೆ ಮುಟ್ಟಿತು ಎಂದು ತೋರಿಸುವ ಪುಟವನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಅದಕ್ಕಿಂತ ಗಟ್ಟಿ ದಾರಿ, ಓದುಗರನ್ನು ಫೇಸ್‌ಬುಕ್ಕಿನ ಫೀಡಿನಿಂದ ಹೊರಗೆ ಕರೆದುಕೊಳ್ಳುವುದು. ಹಲವು ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದ ಮೇಲೆ ಎಷ್ಟೋ ಬ್ಲಾಗುಗಳ ಓದುಗರು ಫೇಸ್‌ಬುಕ್ಕಿನ ಮರ್ಜಿಗೆ ಬಿದ್ದರು. ಆದರೆ ಹೊಸ ಬರಹವನ್ನು ಓದುಗರ ಆ್ಯಪಿಗೆ ತಾನಾಗಿ ಮುಟ್ಟಿಸುವ ಆರೆಸ್ಸೆಸ್ ಫೀಡ್ ನಿಮ್ಮ ಬ್ಲಾಗಿಗೆ ಈಗಲೂ ಇದೆ, ವಿಳಾಸದ ಕೊನೆಗೆ ಓರೆಗೆರೆ ಹಾಕಿ 'ಫೀಡ್' ಎಂದು ಇಂಗ್ಲಿಷಿನಲ್ಲಿ ಬರೆದರೆ ಸಿಗುತ್ತದೆ. ಜೊತೆಗೊಂದು ಇಮೇಲ್ ಪಟ್ಟಿ ಮಾಡಿ. ಉಚಿತ ಜಿಮೇಲ್‌ನಲ್ಲಿ ದಿನಕ್ಕೆ 500 ಜನಕ್ಕೆ ಕಳಿಸಬಹುದು. ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕಲು ಮರೆಯಬೇಡಿ, ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ವಾಟ್ಸ್ಯಾಪ್ ಬ್ರಾಡ್‌ಕಾಸ್ಟ್ ಬೇಡ, ಫೋನ್ ನಂಬರು ಹೊರಬೀಳುತ್ತದೆ.

ವಕೀಲರು, ಧಾರವಾಡ

ಆ ಎರಡು ಸಂದೇಶಗಳನ್ನು ಬೇರೆಯಾಗಿಯೇ ನೋಡಿ, ಅವು ಬೈಗುಳವಲ್ಲ. ಮೊದಲು ಸಾಕ್ಷ್ಯ. ಬ್ಲಾಕ್ ಮಾಡುವ ಮುಂಚೆ ಸಂದೇಶ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಪ್ರೊಫೈಲಿನ ಕೊಂಡಿಯನ್ನು ಕಾಪಿ ಮಾಡಿ ಇಡಿ, ಹೆಸರು ಫೋಟೋ ನಾಳೆಯೇ ಬದಲಾಗಬಹುದು. ಮೂಲ ಸಂದೇಶವನ್ನು ಅಳಿಸಬೇಡಿ, ಫೋನ್ ರೀಸೆಟ್ ಮಾಡಬೇಡಿ. ನ್ಯಾಯಾಲಯದಲ್ಲಿ ಡಿಜಿಟಲ್ ಪ್ರತಿಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಕೇಳುತ್ತಾರೆ.

ಐಟಿ ಕಾಯ್ದೆಯ 66ಎ (ಜಾಲದಲ್ಲಿ ನೋಯಿಸುವ ಸಂದೇಶ ಕಳಿಸುವುದರ ಕಲಂ) ಹಾಕಿಸಿ ಎಂದು ಈಗಲೂ ಕೆಲವರು ಹೇಳುತ್ತಾರೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದೆ, ದೂರಿನಲ್ಲಿ ಬರೆಯಬೇಡಿ. ಅನ್ವಯಿಸುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 351, ಅಂದರೆ ಕ್ರಿಮಿನಲ್ ಬೆದರಿಕೆ. ಹೆಸರು ಮರೆಸಿಕೊಂಡು ಬೆದರಿಸಿದ್ದರೆ ಅದೇ ಕಲಂನ 4ನೇ ಉಪಕಲಂನಡಿ ಹೆಚ್ಚುವರಿ ಶಿಕ್ಷೆ ಇದೆ. ಬೇಡವೆಂದರೂ ಗಂಡಸೊಬ್ಬ ಪದೇ ಪದೇ ಬೆನ್ನು ಬಿದ್ದರೆ 78, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ 79. ನಿಮ್ಮ ಹೆಸರಲ್ಲಿ ನಕಲಿ ಖಾತೆ ತೆರೆದರೆ ಐಟಿ ಕಾಯ್ದೆಯ 66ಸಿ, 66ಡಿ ನೋಡಬೇಕಾಗುತ್ತದೆ.

ದೂರನ್ನು ಜಿಲ್ಲೆಯ ಸೆನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆ) ಕೊಡಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದಾಖಲಿಸಿ. 1930 ಸಹಾಯವಾಣಿ ಮುಖ್ಯವಾಗಿ ಹಣದ ವಂಚನೆಗೆ. ಮನೆ ಮುಂದೆ ಯಾರಾದರೂ ಬಂದು ನಿಂತರೆ 112. ದೂರನ್ನು ಇಮೇಲಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಬಹಳ ದೂರುಗಳು ಸಾಯುವುದು ಇಲ್ಲೇ. ಎಫ್‌ಐಆರ್ ಬದಲು ಎನ್‌ಸಿಆರ್ (ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಅಪರಾಧದ ವರದಿ) ಕೈಗಿತ್ತರೆ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕಾಗುತ್ತದೆ. ಅರ್ಜಿ ಹಾಕಲು ವಕೀಲರೊಬ್ಬರನ್ನು ಕೇಳಿ. ಜಾಲತಾಣದ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಲ್ಲೇ ಹೋಗಬಹುದು.

ಬೆದರಿಸಿದವರ ಫೋಟೋ, ನಂಬರು, ಕೆಲಸದ ಜಾಗ ಪುಟದಲ್ಲಿ ಹಾಕಬೇಡಿ. ದೂರುದಾರರೇ ಆರೋಪಿಯಾಗುವುದು ಹೀಗೆ.

ಆಪ್ತಸಮಾಲೋಚಕಿ, ಬೆಂಗಳೂರು

ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿ, ದಿನಕ್ಕೆ ಎರಡು ಸಲ ಇಪ್ಪತ್ತು ಇಪ್ಪತ್ತು ನಿಮಿಷ ನೋಡಿ. ಎರಡನೆಯದು ಸಂಜೆ ಏಳರೊಳಗೆ ಮುಗಿಯಲಿ. ಮಲಗುವ ಮುಂಚೆ ಓದಿದ ಬೈಗುಳ ನಿದ್ದೆಗೆ ಬಿಡುವುದಿಲ್ಲ. ಇಂಥ ದಾಳಿಯ ವಾರ ನಂಬಿಕಸ್ಥರೊಬ್ಬರಿಗೆ ಪುಟದ ಮಾಡರೇಟರ್ ಹಕ್ಕು ಕೊಟ್ಟು "ತಪ್ಪು ತೋರಿಸಿದ್ದು, ಬೆದರಿಕೆ, ಈ ಎರಡನ್ನು ಮಾತ್ರ ನನಗೆ ಹೇಳು" ಅನ್ನಿ. ನಿದ್ದೆ, ಊಟ, ಕೆಲಸದ ಮೇಲಿನ ಮನಸ್ಸು ಎರಡು ವಾರವಾದರೂ ಹಳಿಗೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಕೈಬಿಡಲು ಆಗುತ್ತಲೇ ಇಲ್ಲ ಅನ್ನಿಸಿದರೆ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 'ಶಟ್' ಕ್ಲಿನಿಕ್ ಇದೆ, 2014ರಲ್ಲಿ ಆರಂಭವಾದದ್ದು.

ನಿಲ್ಲಿಸುವ ತೀರ್ಮಾನವನ್ನು ಈ ತಿಂಗಳು ಮಾಡಬೇಡಿ. ಎರಡು ವಾರ ವಿರಾಮ ಎಂದು ಪುಟದಲ್ಲಿ ತಾರೀಖು ಸಮೇತ ಹಾಕಿ. ತಾರೀಖು ಇಲ್ಲದಿದ್ದರೆ "ಓಡಿಹೋದರು" ಎಂಬ ಮಾತು ಹುಟ್ಟುತ್ತದೆ, ಅದಕ್ಕೆ ಉತ್ತರಿಸಲು ನೀವು ಮತ್ತೆ ಬರುತ್ತೀರಿ.

ಕೇಳಿದವರು

ಎಲ್ಲರಿಗೂ ವಂದನೆ. ಪದಪಟ್ಟಿ ಶುರು ಮಾಡಿದೆ, ದೂರಿನ ಕರಡೂ ಆಯಿತು. ಒಂದು ಬಾಕಿ: ಬೈದವರಲ್ಲಿ ಒಬ್ಬರು ಮೊದಲ ವರ್ಷದಿಂದ ಓದುತ್ತಿದ್ದ ಹಿರಿಯರು. ಅವರನ್ನೂ ಹೈಡ್ ಮಾಡಲಾ?

ನಿರ್ವಾಹಕರು, ಮೈಸೂರು

ಅವರನ್ನು ಮಾಡಬೇಡಿ. ಕಾಮೆಂಟಿನ ಕೆಳಗೂ ಉತ್ತರಿಸಬೇಡಿ, ಎಲ್ಲರ ಮುಂದೆ ಹಿಂದೆ ಸರಿಯುವುದು ಯಾರಿಗೂ ಕಷ್ಟ. ಮೆಸೆಂಜರಿನಲ್ಲಿ ಮೂರೇ ಸಾಲು ಕಳಿಸಿ: "ಸರ್, ನೀವು ನೋಡಿದ್ದು ಕತ್ತರಿಸಿದ ಚಿತ್ರ. ಪೂರ್ತಿ ವಾಕ್ಯ ಇಲ್ಲಿದೆ. ಓದಿದ ಮೇಲೂ ತಪ್ಪು ಅನ್ನಿಸಿದರೆ ದಯವಿಟ್ಟು ತಿಳಿಸಿ." ಕೊಂಡಿ ಜೊತೆಗಿರಲಿ. ಉತ್ತರಕ್ಕೆ ಒಂದು ವಾರ ಬಿಡಿ, ನಡುವೆ ಜ್ಞಾಪಿಸಬೇಡಿ.