ಎರೆ ಭೂಮಿಯಲ್ಲಿ ಅಟ್ರಾಜಿನ್ ಎಷ್ಟು ಕಾಲ ಉಳಿಯುತ್ತದೆ?

ಪ್ರಶ್ನೆ: ಸರ್, ಮುಧೋಳ ತಾಲ್ಲೂಕಿನಲ್ಲಿ ನಮ್ಮದು ಎರೆ ಭೂಮಿ. ಏಳೆಂಟು ವರ್ಷಗಳಿಂದ ಕಬ್ಬಿಗೆ ಅಟ್ರಾಜಿನ್ ಎಂಬ ಕಳೆನಾಶಕ ಸಿಂಪಡಿಸುತ್ತ ಬಂದಿದ್ದೇವೆ. ಎರಡು ತಿಂಗಳಲ್ಲಿ ಔಷಧ ಮಣ್ಣಿನಲ್ಲಿ ಇಲ್ಲವಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹೊಲದಲ್ಲಿರುವ ಕೊಳವೆಬಾವಿಯ ನೀರನ್ನೇ ಮನೆಮಂದಿಯೆಲ್ಲ ಕುಡಿಯುತ್ತೇವೆ. ಈ ಮಾತನ್ನು ನಂಬಬಹುದೇ?

ಉತ್ತರ (ಮಣ್ಣು ವಿಜ್ಞಾನಿ): ಎರಡು ತಿಂಗಳೆಂಬುದು ಔಷಧ ಅರ್ಧಕ್ಕೆ ಇಳಿಯುವ ಅವಧಿಯೇ ಹೊರತು ಪೂರ್ತಿ ಇಲ್ಲವಾಗುವ ಅವಧಿಯಲ್ಲ. ಮೇಲ್ಮಣ್ಣಿನಲ್ಲಿ ಸುಮಾರು 60 ದಿನಗಳಿಗೆ ಅರ್ಧ, ಮತ್ತೆ ಅಷ್ಟೇ ದಿನಗಳಿಗೆ ಉಳಿದದ್ದರಲ್ಲಿ ಅರ್ಧ ಎಂಬಂತೆ ಅದು ಕರಗುತ್ತದೆ. ಮಣ್ಣು ಒಣಗಿದ್ದರೆ ಇನ್ನೂ ನಿಧಾನ.

ಅಟ್ರಾಜಿನ್ ಅನ್ನು ಒಡೆಯುವ ಕೆಲಸ ಬಹುಪಾಲು ಸೂಕ್ಷ್ಮಾಣುಗಳದು. ಅವು ಅದರಲ್ಲಿನ ಕ್ಲೋರಿನ್ ಅನ್ನು ಕಿತ್ತರೆ ಉಂಟಾಗುವ ಹೈಡ್ರಾಕ್ಸಿ ಅಟ್ರಾಜಿನ್ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆದರೆ ಈಥೈಲ್ ಕವಲನ್ನು ಮಾತ್ರ ಕತ್ತರಿಸಿದಾಗ ಉಳಿಯುವ ಡೀಈಥೈಲ್ ಅಟ್ರಾಜಿನ್ ಮೂಲ ಔಷಧಕ್ಕಿಂತಲೂ ಸಲೀಸಾಗಿ ನೀರಿನ ಜೊತೆ ಕೆಳಗಿಳಿಯುತ್ತದೆ. ವರ್ಷವರ್ಷವೂ ಇದೇ ಔಷಧ ಬಿದ್ದ ಹೊಲದಲ್ಲಿ ಸೂಕ್ಷ್ಮಾಣುಗಳು ಅದನ್ನು ತಿನ್ನಲು ಪಳಗಿ, ಕೆಲವೇ ದಿನಗಳಲ್ಲಿ ಒಡೆಯುವುದೂ ಉಂಟು. ಇತ್ತೀಚೆಗೆ ಕಳೆ ಬೇಗ ಮರಳುತ್ತಿದ್ದರೆ ಇದೂ ಒಂದು ಕಾರಣವಿರಬಹುದು.

ನನಗೆ ನಿಜವಾದ ಆತಂಕವಿರುವುದು ಬೇರು ಹರಡುವ ಪದರದ ಕೆಳಗೆ. ಅಲ್ಲಿ ಸಾವಯವ ಅಂಶವೂ ಸೂಕ್ಷ್ಮಾಣುಗಳೂ ಆಮ್ಲಜನಕವೂ ಕಡಿಮೆಯಾಗುವುದರಿಂದ, ಅಂತರ್ಜಲವನ್ನು ತಲುಪಿದ ಅಟ್ರಾಜಿನ್ ವರ್ಷಗಟ್ಟಲೆ ಉಳಿಯಬಲ್ಲದು. ಜರ್ಮನಿ 1991ರಲ್ಲಿಯೇ ಅದನ್ನು ನಿಷೇಧಿಸಿದರೂ ಅಲ್ಲಿನ ಅಂತರ್ಜಲದಲ್ಲಿ ದಶಕಗಳ ನಂತರವೂ ಅದು ಪತ್ತೆಯಾಗುತ್ತಿದೆ. ಎರೆ ಮಣ್ಣು ಹಸಿಯಾಗಿದ್ದಾಗ ನೀರನ್ನು ತಡೆದು ನಿಲ್ಲಿಸುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ಬಾಯ್ದೆರೆದ ಬಿರುಕುಗಳಲ್ಲಿ ಮೊದಲ ನೀರು ಮೇಲ್ಪದರವನ್ನು ದಾಟಿ ನೇರವಾಗಿ ಆಳಕ್ಕೆ ಹೋಗುತ್ತದೆ.

ಆದ್ದರಿಂದ ಬಿರುಕುಬಿಟ್ಟ ಹೊಲಕ್ಕೆ, ದೊಡ್ಡ ಮಳೆಯ ಮುನ್ಸೂಚನೆ ಇದ್ದಾಗ ಸಿಂಪಡಿಸಬೇಡಿ. ಕೊಳವೆಬಾವಿಯ ಬಳಿ ಔಷಧ ಕಲಸುವುದನ್ನು, ಸಿಂಪಡಿಸುವ ಪಂಪ್ ತೊಳೆಯುವುದನ್ನು ಇಂದೇ ನಿಲ್ಲಿಸಿ. ಕೂಳೆ ಕಬ್ಬಾದರೆ ರವದಿಯನ್ನು (ಕಬ್ಬಿನ ಒಣ ಗರಿಗಳನ್ನು) ಸುಡದೆ ಸಾಲುಗಳಲ್ಲಿ ಹಾಸಿ. ಕಳೆಯೂ ತಗ್ಗುತ್ತದೆ, ಕೊಳೆತ ರವದಿ ಸೂಕ್ಷ್ಮಾಣುಗಳಿಗೆ ಆಹಾರವೂ ಆಗುತ್ತದೆ. ನೀರಿನ ಪರೀಕ್ಷೆಯಲ್ಲಿ ಅಟ್ರಾಜಿನ್ ಜೊತೆಗೆ ಡೀಈಥೈಲ್ ಅಟ್ರಾಜಿನ್ ಅನ್ನೂ ನೋಡುವಂತೆ ಪ್ರಯೋಗಾಲಯಕ್ಕೆ ಬರೆದು ಕೊಡಿ, ಏಕೆಂದರೆ ಮೊದಲನೆಯದು ಸಿಗದಿದ್ದರೂ ಎರಡನೆಯದು ಸಿಗಬಹುದು.

ಮರುಪ್ರಶ್ನೆ: ವರದಿ ಬರುವವರೆಗೆ ನೀರನ್ನು ಕಾಯಿಸಿ ಆರಿಸಿ ಕುಡಿದರೆ ಸಾಕೇ?

ಉತ್ತರ: ಸಾಲದು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಅಟ್ರಾಜಿನ್ ಹೋಗುವುದಿಲ್ಲ. ಕಾರ್ಬನ್ ಫಿಲ್ಟರ್ ಅದನ್ನು ಹಿಡಿದಿಡುತ್ತದೆ, ಆದರೆ ಒಳಗಿನ ಇದ್ದಿಲನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು. ಸಾಧ್ಯವಿದ್ದರೆ ಅಲ್ಲಿಯವರೆಗೆ ಕುಡಿಯಲು ಬೇರೆ ನೀರನ್ನೇ ತನ್ನಿ.