ಹಾಲ್‌ನಲ್ಲಿ ಬಿದ್ದು ಬಿದ್ದು ನಗ್ತಾರೆ, ರೆಕಾರ್ಡಿಂಗ್‌ನಲ್ಲಿ ನಗುವೇ ಇಲ್ಲ. ಏನ್ಮಾಡೋದು?

ಶಿರಾಗೇಟ್ ಹುಡ್ಗ
ತುಮಕೂರಲ್ಲಿ ಒಂದು ಸಮುದಾಯ ಭವನ ಹಿಡಿದು, 150 ಜನರನ್ನ ಕೂರಿಸ್ಕೊಂಡು 25 ನಿಮಿಷದ ಕಾಮಿಡಿ ಎಪಿಸೋಡ್ ಶೂಟ್ ಮಾಡ್ತಿದೀವಿ. ಮೂರು ಕ್ಯಾಮೆರಾ, ನಟರಿಗೆ ಕಾಲರ್ ಮೈಕ್. ಟ್ರಯಲ್‌ನಲ್ಲಿ ಜನ ಚೆನ್ನಾಗೇ ನಕ್ಕರು, ಆದ್ರೆ ರೆಕಾರ್ಡಿಂಗ್ ಕೇಳಿದ್ರೆ ಪಕ್ಕದ ಬೀದಿ ಮದುವೆಮನೆಯಿಂದ ಬಂದಂಗಿದೆ. ಎರಡನೇ ಟೇಕ್‌ಗೆ ಅದೂ ಇಲ್ಲ. ಟಿವಿಯವರು ಹೆಂಗೆ ಮಾಡ್ತಾರೆ? ರೆಡಿಮೇಡ್ ನಗು ಹಾಕಿಬಿಡೋದಾ?

ಮೈಕ್ ಮೇಷ್ಟ್ರು
ಕಾಲರ್ ಮೈಕ್‌ನ ಗೇನ್ (ಸದ್ದನ್ನ ಹಿಗ್ಗಿಸೋ ಮಟ್ಟ) ಇಟ್ಟಿರೋದು ಒಂದು ಗೇಣು ದೂರದ ಬಾಯಿಗೆ. ಮೂವತ್ತು ಅಡಿ ಆಚೆ ಕೂತವರ ನಗು ಅದಕ್ಕೆ ಗೋಡೆಗೆ ಬಡಿದು ಬಂದ ಮೇಲೇ ಸಿಗೋದು. ಜನರಿಗೆ ಅಂತಲೇ ಬೇರೆ ಮೈಕ್ ಬೇಕು.

150 ಜನಕ್ಕೆ ನಾಲ್ಕು ಕಾರ್ಡಿಯಾಯ್ಡ್ ಕಂಡೆನ್ಸರ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯೋ ಸೂಕ್ಷ್ಮ ಮೈಕ್) ಸಾಕು. ಎರಡು ಸ್ಟೇಜಿನ ಅಂಚಲ್ಲಿ, ಜನರ ಕಡೆ ಮುಖ. ಇನ್ನೆರಡು ಹಾಲ್ ಮಧ್ಯೆ, ಕೂತವರ ತಲೆಯಿಂದ ಐದಾರು ಅಡಿ ಮೇಲೆ ನೇತುಹಾಕಿ, ಹಿಂದಿನ ಸಾಲಿನ ಕಡೆ ಬಗ್ಗಿಸಿ. ಇನ್ನೂ ಕೆಳಗಿಳಿಸಿದ್ರೆ ಯಾರೋ ಒಬ್ಬರ ಕೇಕೆ ಮಾತ್ರ ಕೇಳುತ್ತೆ, ತೀರಾ ಮೇಲೆ ಹೋದ್ರೆ ಬರೀ ಗುಂಯ್. ಕಾರ್ಡಿಯಾಯ್ಡ್‌ಗೆ ಬೆನ್ನ ಕಡೆ ಕಿವುಡು, ಆ ಬೆನ್ನು ಸ್ಪೀಕರ್ ಕಡೆಗಿರಲಿ. 48 ವೋಲ್ಟ್ ಫ್ಯಾಂಟಮ್ (ಕೇಬಲ್ ಮೂಲಕವೇ ಈ ಮೈಕ್‌ಗೆ ಹೋಗೋ ಕರೆಂಟ್) ಆನ್ ಮಾಡೋದು ಮರೀಬೇಡಿ. ನಾಲ್ಕೂ ಬೇರೆ ಬೇರೆ ಟ್ರ್ಯಾಕ್‌ಗೆ ಹೋಗ್ಬೇಕು, ಒಂದೂ ಹಾಲ್ ಸ್ಪೀಕರ್‌ಗೆ ಹೋಗಬಾರದು. ಹೋದ್ರೆ ಕುಯ್ ಅನ್ನುತ್ತೆ.

ಲೆವೆಲ್: ಸಾಮಾನ್ಯ ನಗು ರೆಕಾರ್ಡರ್ ಮೀಟರ್‌ನಲ್ಲಿ ಮೈನಸ್ 20 ಡೆಸಿಬೆಲ್ ಹತ್ರ ಇರಲಿ. ಜಾಸ್ತಿ ಇಟ್ರೆ ಚಪ್ಪಾಳೆ ಬಂದಾಗ ಒಡೆದುಹೋಗುತ್ತೆ, ಒಡೆದದ್ದು ರಿಪೇರಿ ಆಗಲ್ಲ.

ಇನ್ನೊಂದು, ಎಲ್ಲರೂ ಎಡವೋ ಜಾಗ. ನಟನ ಮಾತು ಮಧ್ಯದ ಮೈಕ್‌ಗೂ ಬೀಳುತ್ತೆ. ಅದು 12 ಮೀಟರ್ ದೂರದಲ್ಲಿದ್ರೆ 35 ಮಿಲಿಸೆಕೆಂಡ್ ತಡ. ಕಾಲರ್ ಮೈಕ್ ಜೊತೆ ಬೆರೆಸಿದ್ರೆ ಮಾತು ಬಾವಿಯೊಳಗಿಂದ ಬಂದಂಗಾಗುತ್ತೆ. ಆ ಮಧ್ಯದ ಮೈಕ್ ಟ್ರ್ಯಾಕನ್ನ ಅಷ್ಟೇ ಹಿಂದಕ್ಕೆ, ಅಂದ್ರೆ ಅಷ್ಟು ಮೊದಲೇ ಕೇಳೋ ಹಾಗೆ, ಎಳೀರಿ. 25 ಫ್ರೇಮ್ ವಿಡಿಯೋದಲ್ಲಿ ಒಂದು ಫ್ರೇಮೇ 40 ಮಿಲಿಸೆಕೆಂಡ್, ಹಾಗಾಗಿ ವಿಡಿಯೋ ಟೈಮ್‌ಲೈನ್‌ನಲ್ಲಿ ಫ್ರೇಮ್ ಲೆಕ್ಕಕ್ಕೆ ಕೂರಲ್ಲ, ಆಡಿಯೋ ಸಾಫ್ಟ್‌ವೇರ್‌ನಲ್ಲೇ ಮಾಡಿ.

ನೆಲ ಟೈಲ್ಸ್ ಆಗಿದ್ರೆ ಜಮಖಾನ ಹಾಸಿ. ಗುಂಯ್ ಕಮ್ಮಿಯಾಗುತ್ತೆ, ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟೋದೂ ನಿಲ್ಲುತ್ತೆ.

ಗುಬ್ಬಿ ಪರದೆ
ಮೈಕ್ ವಿಷಯ ಮೇಷ್ಟ್ರು ಹೇಳಿದ್ದಾರೆ. ಎರಡನೇ ಟೇಕ್‌ಗೆ ನಗು ಇಲ್ಲ ಅನ್ನೋದು ಮೈಕ್ ತಪ್ಪಲ್ಲ. ಗೊತ್ತಿರೋ ಜೋಕಿಗೆ ಯಾರು ನಗ್ತಾರೆ? ಅಮೆರಿಕದ ಸಿಟ್‌ಕಾಂಗಳಲ್ಲಿ (ಟಿವಿ ಕಾಮಿಡಿ ಧಾರಾವಾಹಿಗಳಲ್ಲಿ) ಬರಹಗಾರರು ಸೆಟ್‌ನಲ್ಲೇ ಇದ್ದು, ಟೇಕ್ ಮಧ್ಯೆ ಕೊನೆಯ ಸಾಲನ್ನೇ ಬದಲಿಸಿಕೊಡ್ತಾರೆ. ನೀವೂ ಒಂದೊಂದು ದೊಡ್ಡ ಜೋಕಿಗೆ ಎರಡು ಮೂರು ಬೇರೆ ಸಾಲು ಬರೆದಿಟ್ಕೊಳ್ಳಿ. ಮೊದಲ ಟೇಕ್ ನಟ ತಡವರಿಸಿದ್ರೂ ಕಟ್ ಹೇಳ್ಬೇಡಿ, ಜನ ನಕ್ಕು ಮುಗಿಸಲಿ. ಚಿತ್ರ ಎರಡನೇ ಟೇಕಿನದು, ನಗು ಮೊದಲನೇದು, ಹಂಗೆ ಜೋಡಿಸ್ತಾರೆ.

1951ರಲ್ಲಿ ಶುರುವಾದ ಅಮೆರಿಕದ ಸಿಟ್‌ಕಾಂ 'ಐ ಲವ್ ಲೂಸಿ'ಯನ್ನ ಮೂರು ಫಿಲ್ಮ್ ಕ್ಯಾಮೆರಾ ಇಟ್ಟು ಜನರ ಮುಂದೆ ಕಥೆಯ ಅನುಕ್ರಮದಲ್ಲೇ ತೆಗೆದರು. ನೀವೂ ಅನುಕ್ರಮ ಬಿಡ್ಬೇಡಿ. ಹಿಂದಿನ ಸೀನ್ ನೋಡದವನಿಗೆ ಮುಂದಿನ ಜೋಕ್ ಅರ್ಥವಾಗಲ್ಲ.

ನಟರಿಗೆ ಕಲಿಸ್ಬೇಕಾದ್ದು ಕಾಯೋದು. ನಗು ದಿಢೀರ್ ಏರುತ್ತೆ, ನಿಧಾನಕ್ಕೆ ಇಳಿಯುತ್ತೆ. ಇಳಿದು ಮೂರರಲ್ಲೊಂದು ಪಾಲು ಉಳಿದಾಗ ಮುಂದಿನ ಮಾತು ಎತ್ತಬೇಕು. ಬೇಗ ಎತ್ತಿದ್ರೆ ಮಾತು ಮುಳುಗುತ್ತೆ, ಅದಕ್ಕಿಂತ ಕೆಟ್ಟದ್ದು, ಜನ ಮಾತು ತಪ್ಪೀತು ಅಂತ ಆಮೇಲೆ ನಗೋದನ್ನೇ ತಡೀತಾರೆ. ಪೂರ್ತಿ ಇಳಿಯೋವರೆಗೂ ಕಾದ್ರೆ ಸೀನ್ ತಣ್ಣಗಾಗುತ್ತೆ. ಕಾಯುವಾಗ ಕೈಗೊಂದು ಕೆಲಸವಿರಲಿ: ಲುಂಗಿ ಎತ್ತಿಕಟ್ಟೋದು, ಕಾಫಿ ಆರಿಸೋದು. ಸುಮ್ನೆ ನಿಂತ್ರೆ ನಗು ಬೇಡ್ಕೊಂಡು ನಿಂತಂಗೆ ಕಾಣುತ್ತೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಜಿಲ್ಲೆಯವರಿಗೆ ಇದನ್ನ ಹೇಳಬೇಕಾಗಿಲ್ಲ, ಆದ್ರೆ ಕ್ಯಾಮೆರಾ ಕಂಡ ತಕ್ಷಣ ನಾಟಕದವರೂ ಕಾಯದೆ ಮಾತಲ್ಲಿ ಓಡೋಕೆ ಶುರುಮಾಡ್ತಾರೆ.

ಕತ್ರಿ ಕೆಲಸ
ರೆಡಿಮೇಡ್ ನಗುವಿನ ಬಗ್ಗೆ. ಅಮೆರಿಕದ ಟಿವಿ ಚಾನೆಲ್ ಸಿಬಿಎಸ್‌ನ ಸೌಂಡ್ ಎಂಜಿನಿಯರ್ ಚಾರ್ಲಿ ಡಗ್ಲಸ್ 1950ರ ದಶಕದಲ್ಲಿ ಇದಕ್ಕೇ ಒಂದು ಪೆಟ್ಟಿಗೆ ಮಾಡಿದ್ದರು. ಒಳಗೆ ಟೇಪ್ ಲೂಪ್, ಮೇಲೆ ಟೈಪ್‌ರೈಟರ್ ಥರ ಕೀ, ಒತ್ತಿದ್ರೆ ಕಿಸಕ್ಕನೆ ನಗೋದು ಬೇರೆ, ಗಹಗಹಿಸೋದು ಬೇರೆ. ಜನ ನಿಜವಾಗಿ ನಕ್ಕ ಕಾರ್ಯಕ್ರಮಕ್ಕೂ ಮೇಲೊಂದಿಷ್ಟು ಉದುರಿಸೋರು. ಯುದ್ಧಭೂಮಿಯ ಆಸ್ಪತ್ರೆಯ ಕಥೆಯಾದ 'ಮ್ಯಾಶ್' ಧಾರಾವಾಹಿಗೆ ಚಾನೆಲ್‌ನವರು ನಗು ಹಾಕಿಸಿದಾಗ, ಆಪರೇಷನ್ ಥಿಯೇಟರ್ ದೃಶ್ಯಗಳಿಗೆ ಮಾತ್ರ ಬೇಡ ಅಂತ ನಿರ್ಮಾಪಕರು ಹಟ ಹಿಡಿದಿದ್ದರು.

ನಿಮಗೆ ನನ್ನ ಸಲಹೆ: ಹೊರಗಿನ ನಗು ಬೇಡ. ಬೇರೆ ಹಾಲಿನ ಗುಂಯ್ ಬೇರೆ, ಕಿವಿ ತಕ್ಷಣ ಹಿಡಿಯುತ್ತೆ. ನಿಮ್ಮದೇ ಹಾಲಿನ ಎಲ್ಲ ನಗುವನ್ನೂ ಕತ್ತರಿಸಿ 'ಸಣ್ಣದು', 'ಮಧ್ಯಮ', 'ದೊಡ್ಡದು' ಅಂತ ಹೆಸರು ಕೊಟ್ಟಿಡಿ. ಟೇಕ್ ಕೂಡಿಸಿದ ಜಾಗದಲ್ಲಿ ಇವು ಬೇಕಾಗ್ತವೆ. ನಗುವಿನ ಬಾಲವನ್ನ ಒಂದೂವರೆ ಸೆಕೆಂಡಿನಷ್ಟು ನಿಧಾನಕ್ಕೆ ಇಳಿಸಿ, ಮೇಲೆ ಮಾತು ಬಂದ್ರೆ 6 ಡೆಸಿಬೆಲ್ ತಗ್ಗಿಸಿ. ಒಬ್ಬನದೇ ವಿಚಿತ್ರ ಕೇಕೆ ಇರೋ ತುಣುಕನ್ನ ಎರಡು ಸಲ ಬಳಸಿದ್ರೆ ಸಿಕ್ಕಿಬೀಳ್ತೀರಿ. ಎಲ್ಲರೂ ಸುಮ್ಮನೆ ಕೂತ ಒಂದು ನಿಮಿಷವನ್ನೂ ರೆಕಾರ್ಡ್ ಮಾಡ್ಕೊಳ್ಳಿ, ಸಂದು ಮುಚ್ಚೋಕೆ.

ಶಿರಾಗೇಟ್ ಹುಡ್ಗ
ತುಂಬಾ ಥ್ಯಾಂಕ್ಸ್. ಎರಡು ಡೌಟು. ಹಾಲ್ 400 ಜನರದು, ಅರ್ಧಕ್ಕಿಂತ ಜಾಸ್ತಿ ಖಾಲಿ. ಮತ್ತೆ ಏಪ್ರಿಲ್‌ನಲ್ಲಿ ಶೂಟು, ಫ್ಯಾನ್ ಏನ್ಮಾಡೋದು?

ಗುಬ್ಬಿ ಪರದೆ
ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿ, ಎಲ್ಲರನ್ನೂ ಮುಂದೆ ಒತ್ತೊತ್ತಾಗಿ ಕೂರಿಸಿ. ಪಕ್ಕದವನು ನಕ್ರೇನೇ ಇವನು ನಗೋದು, ಮಧ್ಯೆ ಕುರ್ಚಿ ಖಾಲಿ ಇದ್ರೆ ನಗು ಅಲ್ಲೇ ಸಾಯುತ್ತೆ. ಶುರುವಿಗೆ ಮುಂಚೆ ಮಾತುಗಾರನೊಬ್ಬ ಹದಿನೈದು ನಿಮಿಷ ಜನರನ್ನ ನಗಿಸಲಿ, ಸೆಟ್ ಬದಲಿಸುವಾಗಲೂ ಅವನೇ. ಎರಡು ಗಂಟೆ ದಾಟಿದ್ರೆ ಜನ ಸುಸ್ತು, ಅಷ್ಟರೊಳಗೆ ಕಾಫಿ-ಮಂಡಕ್ಕಿ ಬ್ರೇಕ್ ಕೊಡಿ.

ಮೈಕ್ ಮೇಷ್ಟ್ರು
ಫ್ಯಾನ್ ಪೂರ್ತಿ ಆಫ್ ಮಾಡಿದ್ರೆ ಜನ ನಗಲ್ಲ, ಬೀಸಣಿಗೆ ಬೀಸ್ತಾರೆ. ನೇತುಹಾಕಿದ ಮೈಕ್ ಹತ್ರದವು ಆಫ್, ಉಳಿದವು ಒಂದನೇ ನಂಬರ್. ಕೊನೇವರೆಗೂ ಅದೇ ಸ್ಪೀಡ್. ಮಧ್ಯೆ ಬದಲಿಸಿದ್ರೆ ಪ್ರತಿ ಕಟ್‌ಗೂ ಹಿನ್ನೆಲೆ ಸದ್ದು ಜಿಗಿಯುತ್ತೆ. ಎಡಿಟ್‌ನಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದನ್ನ ಕತ್ತರಿಸಿ. ರೆಗ್ಯುಲೇಟರ್ ಮೇಲೆ ಟೇಪ್ ಅಂಟಿಸಿಬಿಡಿ, ಇಲ್ದಿದ್ರೆ ಯಾರಾದ್ರೂ ಎದ್ದುಹೋಗಿ ತಿರುಗಿಸೇ ತಿರುಗಿಸ್ತಾರೆ.