ಬೆಸಿಲಿಸ್ಕ್‌ನ ಸ್ಟ್ಯಾಟ್ ಬ್ಲಾಕ್ ಇದೆ, ಹಿನ್ನೆಲೆ ಇಲ್ಲ: ಕಲ್ಲಾದವರನ್ನ ಮೂರನೇ ಲೆವೆಲ್ ಪಾರ್ಟಿ ಹೇಗೆ ಉಳಿಸೋದು?

ಜಯನಗರ_ಡಿಎಂ
ಎಲ್ಲರಿಗೂ ನಮಸ್ಕಾರ. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಡೈಸ್ ಹಾಕಿ ಪಾತ್ರ ವಹಿಸಿ ಆಡೋ ಕಥೆಯಾಟ) ಐದನೇ ಎಡಿಷನ್, 2014ರ ನಿಯಮ. ಆಟ ನಡೆಸೋ ಡಿಎಂ ನಾನು. ಪ್ಲೇಯರ್ಸ್ ನಾಲ್ಕು ಜನ, ಎಲ್ಲರೂ ಮೂರನೇ ಲೆವೆಲ್. ಪಾಳುಬಿದ್ದ ಕಲ್ಲು ಕ್ವಾರಿಯಲ್ಲಿ ಒಂದು ಬೆಸಿಲಿಸ್ಕ್, ಅಂದ್ರೆ ನೋಟದಿಂದಲೇ ಕಲ್ಲಾಗಿಸೋ ಪ್ರಾಣಿ, ಸೇರಿಕೊಂಡಿದೆ, ಊರಿನ ಹುಡುಗನೊಬ್ಬ ಆಗಲೇ ಕಲ್ಲಾಗಿದ್ದಾನೆ. ಅವನನ್ನ ವಾಪಸ್ ತರೋದೇ ಕೆಲಸ. ನನ್ನ ಹತ್ತಿರ ಇರೋದು ಉಚಿತ ಎಸ್‌ಆರ್‌ಡಿ (ಆಟದ ಮೂಲ ನಿಯಮಗಳ ಸಂಗ್ರಹ) ಪಿಡಿಎಫ್ ಒಂದೇ. ಅದರಲ್ಲಿ ಸ್ಟ್ಯಾಟ್ ಬ್ಲಾಕ್, ಅಂದ್ರೆ ಅಂಕಿ-ಸಂಖ್ಯೆಯ ಪಟ್ಟಿ, ಬಿಟ್ಟರೆ ಈ ಪ್ರಾಣಿ ಎಲ್ಲಿರುತ್ತೆ, ಏನು ತಿನ್ನುತ್ತೆ ಅನ್ನೋದು ಒಂದು ಸಾಲೂ ಇಲ್ಲ. ನೆಟ್‌ನಲ್ಲಿ ಹುಡುಕಿದ್ರೆ ಒಂದು ಕಡೆ ಹಾವು, ಇನ್ನೊಂದು ಕಡೆ ಎಂಟು ಕಾಲಿನ ಹಲ್ಲಿ. ಕಲ್ಲಾದವರಿಗೆ ಮದ್ದು ಅದರ ರಕ್ತ ಅಂತ ಒಬ್ಬರು, ಗಂಟಲಿನ ಎಣ್ಣೆ ಅಂತ ಇನ್ನೊಬ್ಬರು. ಪಿಡಿಎಫ್‌ನಲ್ಲಿ ಹೇಳಿರೋ ಗ್ರೇಟರ್ ರೆಸ್ಟೊರೇಷನ್ ಮಂತ್ರ ನಮ್ಮ ಕ್ಲೆರಿಕ್‌ಗೆ (ಮಂತ್ರ ಹಾಕೋ ಪುರೋಹಿತ ಪಾತ್ರ) ಎಟುಕಲ್ಲ. ಯಾವುದನ್ನ ನಂಬಲಿ?

ಇಪ್ಪತ್ತುಮುಖ
ಪಿಡಿಎಫ್‌ನಲ್ಲಿ ಏನೂ ತಪ್ಪಿಲ್ಲ ಸರ್. ಎಸ್‌ಆರ್‌ಡಿ ಇರೋದೇ ಬೇರೆಯವರು ನಿಯಮಗಳನ್ನ ಬಳಸಿಕೊಳ್ಳಲಿ ಅಂತ. 2023ರ ಜನವರಿಯಲ್ಲಿ ಅದನ್ನ ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟಾಗಲೂ ಸ್ಟ್ಯಾಟ್ ಬ್ಲಾಕ್ ಬಂತು, ವಿವರಣೆಯ ಪ್ಯಾರಾಗಳು ಮೂಲ ಪುಸ್ತಕದಲ್ಲೇ ಉಳಿದವು. ಬಿಹೋಲ್ಡರ್, ಮೈಂಡ್ ಫ್ಲೇಯರ್ ತರಹದ ಕೆಲವು ಪ್ರಾಣಿಗಳ ಸ್ಟ್ಯಾಟ್ ಬ್ಲಾಕ್ ಕೂಡ ಅದರಲ್ಲಿ ಇಲ್ಲ.

ನಿಮಗೆ ಸಿಕ್ಕ ಮಾಹಿತಿ ಮೂರು ಕಡೆಯದು, ಅದಕ್ಕೇ ತಾಳೆ ಆಗ್ತಿಲ್ಲ. ಹಾವಿನ ರೂಪ ಹಳೇ ಯುರೋಪಿನ ನಂಬಿಕೆ. ಎಂಟು ಕಾಲಿನ ಹಲ್ಲಿ, ಗಂಟಲಿನ ಎಣ್ಣೆ ಎರಡೂ ಡಿ ಅಂಡ್ ಡಿಯವು. ರಕ್ತದ ಮದ್ದು ಪಾತ್‌ಫೈಂಡರ್‌ನದು, ಅದು ಬೇರೆ ಆಟ. ಏನೇ ಓದಿದ್ರೂ ಮೊದಲು ಎರಡು ವಿಷಯ ಗುರುತು ಹಾಕಿಕೊಳ್ಳಿ: ಯಾವ ಆಟ, ಯಾವ ಎಡಿಷನ್. ವಿಕಿ ಪುಟವಾದ್ರೆ ಅಡಿಟಿಪ್ಪಣಿಯಲ್ಲಿ ಪುಸ್ತಕದ ಹೆಸರು, ವರ್ಷ ಇರುತ್ತೆ. ಅದಿಲ್ಲದ ಪುಟವನ್ನ, ಹೋಮ್‌ಬ್ರೂ (ಆಟಗಾರರು ತಾವೇ ಕಟ್ಟಿದ್ದು) ಅಂತ ಬರೆದಿರೋ ಪುಟವನ್ನ ಪಕ್ಕಕ್ಕಿಡಿ. ಹುಡುಕುವಾಗ ಬರೀ ಪ್ರಾಣಿಯ ಹೆಸರು ಹಾಕಿದ್ರೆ ಸಿನಿಮಾ, ಕಾದಂಬರಿ ಎಲ್ಲಾ ಮುಂದೆ ಬರುತ್ತೆ. ಜೊತೆಗೆ ಎಡಿಷನ್ ಮತ್ತು ‘ಇಕಾಲಜಿ’ ಅನ್ನೋ ಪದ ಸೇರಿಸಿ.

ಇನ್ನೊಂದು ಮಾತು. ಸ್ಟ್ಯಾಟ್ ಬ್ಲಾಕ್‌ನಲ್ಲಿ ಬರೀ ಅಂಕಿ ಅಂದ್ರಲ್ಲ, ಅದನ್ನ ನಿಧಾನವಾಗಿ ಓದಿದ್ರೆ ಅರ್ಧ ಹಿನ್ನೆಲೆ ಅಲ್ಲೇ ಇದೆ. ವೇಗ 20 ಅಡಿ, ಮನುಷ್ಯನದು 30. ಅಂದ್ರೆ ಇದು ಓಡಿಸಿಕೊಂಡು ಹೋಗಿ ಬೇಟೆಯಾಡಲ್ಲ, ಬಿದ್ದಿರೋ ಜಾಗಕ್ಕೆ ಬಂದವರನ್ನ ಹಿಡಿಯುತ್ತೆ. ಕತ್ತಲಲ್ಲಿ 60 ಅಡಿ ಕಾಣುತ್ತೆ. ಬುದ್ಧಿ 2, ಹಾಗಾಗಿ ಮಾತುಕತೆ ಸಾಧ್ಯವಿಲ್ಲ. ಕೊನೆಗೆ ಕನ್ನಡಿಯ ಸಾಲು ನೋಡಿ: 30 ಅಡಿ ಒಳಗೆ, ಪ್ರಖರ ಬೆಳಕಲ್ಲಿ ತನ್ನ ಬಿಂಬ ಕಂಡರೆ ಅದನ್ನ ಎದುರಾಳಿ ಅಂದುಕೊಂಡು ತನ್ನ ಮೇಲೇ ನೋಟ ಬೀರುತ್ತೆ. ಇನ್ನೊಂದು ಬೆಸಿಲಿಸ್ಕ್ ಅಂದ್ರೆ ಶತ್ರು ಅಂತ ಇಲ್ಲೇ ಗೊತ್ತಾಗುತ್ತೆ. ನಿಮ್ಮ ಕ್ವಾರಿಗೆ ಒಂದೇ ಸಾಕು, ಗುಂಪು ಹಾಕಬೇಡಿ.

ಹಳೇ_ಎಡಿಷನ್
ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಹಿನ್ನೆಲೆಗಾಗಿ ದುಡ್ಡು ಹಾಕೋದಾದ್ರೆ ಹೊಸ ಪುಸ್ತಕಕ್ಕಿಂತ ಎರಡನೇ ಎಡಿಷನ್‌ನ ಮಾನ್‌ಸ್ಟ್ರಸ್ ಮ್ಯಾನುಯಲ್, 1993ರದು, ಹೆಚ್ಚು ಉಪಯೋಗ. ಅದರಲ್ಲಿ ಪ್ರಾಣಿಗಳ ವಿವರ ಕಾದಾಟ, ವಾಸ ಮತ್ತು ಸಮಾಜ, ಪರಿಸರ ಅಂತ ಮೂರು ಭಾಗವಾಗಿ ಬರುತ್ತೆ. ಏನು ತಿನ್ನುತ್ತೆ, ಚರ್ಮ, ಮೊಟ್ಟೆ ಯಾತಕ್ಕೆ ಬರುತ್ತೆ ಅನ್ನೋದೆಲ್ಲ ಪರಿಸರದ ಭಾಗದಲ್ಲಿ. ಡ್ರ್ಯಾಗನ್ ಪತ್ರಿಕೆಯಲ್ಲಿ ಇದೇ ಧಾಟಿಯ ಲೇಖನಮಾಲೆ ಇತ್ತು. ಮೊದಲನೆಯದು 1983ರ ಏಪ್ರಿಲ್‌ನ 72ನೇ ಸಂಚಿಕೆಯಲ್ಲಿ, ಪಿಯರ್ಸರ್ ಅನ್ನೋ ಪ್ರಾಣಿ ಬಗ್ಗೆ.

ಆದರೆ ಹಳೇ ಪುಸ್ತಕದಿಂದ ನಡವಳಿಕೆ ತಗೊಳ್ಳಿ, ಅಂಕಿ ತಗೋಬೇಡಿ. ಎರಡನೇ ಎಡಿಷನ್‌ನಲ್ಲಿ ಆರ್ಮರ್ ಕ್ಲಾಸ್ ಕಡಿಮೆ ಆದಷ್ಟೂ ರಕ್ಷಣೆ ಜಾಸ್ತಿ. ಹಾಗೇ ಎತ್ತಿ ಐದನೇ ಎಡಿಷನ್‌ಗೆ ಹಾಕಿದ್ರೆ ಹೆಚ್ಚುಕಮ್ಮಿ ಪ್ರತಿ ಏಟೂ ಪ್ರಾಣಿಗೆ ತಾಗುತ್ತೆ. ಶಕ್ತಿಗಳೂ ಅಷ್ಟೇ. 1977ರ ಮಾನ್‌ಸ್ಟರ್ ಮ್ಯಾನುಯಲ್‌ನಲ್ಲಿ ಬೆಸಿಲಿಸ್ಕ್‌ನ ನೋಟ ಆಸ್ಟ್ರಲ್, ಈಥೀರಿಯಲ್ ಲೋಕಗಳಿಗೂ ತಲುಪುತ್ತಿತ್ತು, 2014ರಲ್ಲಿ ಅದು ಇಲ್ಲ. ಮುಂದಕ್ಕೂ ಇದೇ ಎಚ್ಚರ ಬೇಕು: 2025ರ ಪುಸ್ತಕದಲ್ಲಿ ನೋಟದ ನಿಯಮವನ್ನೇ ಬದಲಾಯಿಸಿದ್ದಾರೆ. ಒಂದು ಆಟಕ್ಕೆ ಒಂದೇ ಸ್ಟ್ಯಾಟ್ ಬ್ಲಾಕ್ ಇಟ್ಟುಕೊಳ್ಳಿ.

ಜಯನಗರ_ಡಿಎಂ
ಈಗ ಗೊಂದಲ ಅರ್ಧ ಇಳೀತು. ಹಾಗಾದ್ರೆ ಎಣ್ಣೆನಾ, ರಕ್ತನಾ? ಇಷ್ಟಕ್ಕೂ ಪ್ಲೇಯರ್ಸ್‌ಗೆ ಇದು ಗೊತ್ತಾಗೋದು ಹೇಗೆ?

ಇಪ್ಪತ್ತುಮುಖ
ಎರಡರ ಪರಿಣಾಮ ಬೇರೆ, ನಿಮ್ಮ ಕಥೆ ನೋಡಿ ಆರಿಸಿ.

2014ರ ಮಾನ್‌ಸ್ಟರ್ ಮ್ಯಾನುಯಲ್ ಪ್ರಕಾರ ಬೆಸಿಲಿಸ್ಕ್ ಕಲ್ಲಾದ ಬೇಟೆಯನ್ನ ಹಲ್ಲಿನಿಂದ ಮುರಿದು ನುಂಗುತ್ತೆ, ಗಂಟಲಿಗೆ ಇಳಿದ ಮೇಲೆ ಆ ಕಲ್ಲು ಮತ್ತೆ ಮಾಂಸ ಆಗುತ್ತೆ. ತಿಳಿದ ರಸವಾದಿ ಆ ಗಂಟಲಿನಿಂದ ಎಣ್ಣೆ ತೆಗೆದರೆ ಅದು ಕಲ್ಲಾದವರನ್ನ ಬದುಕಿಸುತ್ತೆ, ಆದರೆ ಕಲ್ಲಾಗಿದ್ದಾಗ ಕಳೆದುಹೋದ ಅಂಗ ವಾಪಸ್ ಬರಲ್ಲ. ಪಾತ್‌ಫೈಂಡರ್ ಎರಡನೇ ಎಡಿಷನ್‌ನಲ್ಲಿ ಸತ್ತು ಒಂದು ಗಂಟೆ ದಾಟದ ಬೆಸಿಲಿಸ್ಕ್‌ನ ರಕ್ತವನ್ನ ಮೈ ತುಂಬಾ ಬಳಿಯಬೇಕು, ಚಿಮುಕಿಸಿದ್ರೆ ಸಾಲದು. ಒಂದು ಪ್ರಾಣಿಯ ರಕ್ತ ಒಬ್ಬರಿಂದ ಮೂವರಿಗೆ ಸಾಕಾಗುತ್ತೆ. ಇದು ಆರ್ಕೈವ್ಸ್ ಆಫ್ ನೆಥಿಸ್ ತಾಣದಲ್ಲಿ ಉಚಿತವಾಗಿ, ಅಧಿಕೃತವಾಗಿ ಸಿಗುತ್ತೆ.

ಊರಲ್ಲಿ ರಸವಾದಿ ಇದ್ದರೆ ಎಣ್ಣೆ. ಇಲ್ಲದಿದ್ದರೆ ರಕ್ತ, ಆಗ ಗಡಿಯಾರ ಓಡೋಕೆ ಶುರುವಾಗುತ್ತೆ. ನಾನಾದ್ರೆ ಎಣ್ಣೇನೇ ಆರಿಸ್ತೀನಿ, ಯಾಕಂದ್ರೆ ಅದಕ್ಕೆ ಸುಳಿವು ತಾನಾಗೇ ಹುಟ್ಟುತ್ತೆ. ಕ್ವಾರಿಯ ಬಾಯಲ್ಲಿ ಕುರಿಯ ಕಲ್ಲುವಿಗ್ರಹ ಇದೆ ಅನ್ನಿ. ಹಿಂಗಾಲು ಎರಡೂ ಇಲ್ಲ, ಮುರಿದ ಅಂಚಲ್ಲಿ ಉಳಿಯ ಗುರುತಿಲ್ಲ, ಹಲ್ಲಿನ ಗುರುತಿದೆ, ಕೆಳಗೆ ಚಕ್ಕೆ ಬಿದ್ದಿಲ್ಲ. ಅದನ್ನ ಯಾವುದೋ ಪ್ರಾಣಿ ತಿಂದಿದೆ ಅಂತ ಡೈಸ್ ಹಾಕದೆಯೇ ಯಾರಾದರೂ ಹೇಳ್ತಾರೆ. ಹುಡುಗ ಇನ್ನೂ ಇಡಿಯಾಗಿದ್ದಾನಾ ಅನ್ನೋ ಆತುರವೂ ಅಲ್ಲೇ ಹುಟ್ಟುತ್ತೆ.

ಉಳಿದದ್ದಕ್ಕೆ ಆರ್ಕೇನಾ ಚೆಕ್ (ಮಾಂತ್ರಿಕ ವಿಷಯದ ತಿಳಿವಳಿಕೆಗೆ ಡೈಸ್ ಪರೀಕ್ಷೆ) ಇಡಿ. ಡಿಸಿ (ಡೈಸ್ ಮುಟ್ಟಬೇಕಾದ ಅಂಕಿ) 10ಕ್ಕೆ ನೋಟದಿಂದ ಕಲ್ಲಾಗ್ತಾರೆ ಅಂತ ಗೊತ್ತಾಗಲಿ, 15ಕ್ಕೆ ಕನ್ನಡಿಯ ವಿಷಯ. ಎಣ್ಣೆಯ ವಿಷಯವನ್ನ ಮಾತ್ರ ಚೆಕ್‌ನ ಹಿಂದೆ ಬಚ್ಚಿಡಬೇಡಿ. ಎಲ್ಲರೂ ಸೋತರೆ ಕಥೆ ಅಲ್ಲೇ ನಿಲ್ಲುತ್ತೆ. ರಸವಾದಿಯೇ ಬಂದು ‘ಗಂಟಲು ಹಾಳು ಮಾಡದೆ ತಂದುಕೊಡಿ’ ಅಂತ ಕೇಳಲಿ.

ಮದ್ದನ್ನ ಮೊದಲೇ ಇಡಬೇಕು ಅನ್ನೋದಕ್ಕೆ ಲೆಕ್ಕವೂ ಇದೆ. ನೋಟಕ್ಕೆ ಸಿಕ್ಕವರು ಕಲ್ಲಾಗದೆ ಉಳಿಯೋಕೆ ಹಾಕೋ ಡೈಸ್, ಅಂದ್ರೆ ಸೇವ್, ಡಿಸಿ 12. ಮೊದಲ ಸಲ ಸೋತರೆ ಇನ್ನೊಂದು ಸಲ ಹಾಕಬೇಕು. ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) +2 ಇರೋ ಪಾತ್ರ ಒಂದು ಸೇವ್ ಸೋಲೋ ಸಾಧ್ಯತೆ ಶೇ. 45, ಬೆನ್ನಿಗೆ ಎರಡೂ ಸೋತು ಪೂರ್ತಿ ಕಲ್ಲಾಗೋದು ಸುಮಾರು ಶೇ. 20. ಇದು ನೋಟಕ್ಕೆ ಸಿಕ್ಕ ಪ್ರತಿ ಸಲದ ಲೆಕ್ಕ. ಗ್ರೇಟರ್ ರೆಸ್ಟೊರೇಷನ್ ಕ್ಲೆರಿಕ್‌ಗೆ ಬರೋದು ಒಂಬತ್ತನೇ ಲೆವೆಲ್‌ಗೆ, ಜೊತೆಗೆ 100 ಚಿನ್ನದ ನಾಣ್ಯದ ವಜ್ರದ ಪುಡಿ ಬೇರೆ ಬೇಕು.

ಗಾಂಧಿಬಜಾರ್_ಡೈಸ್
ಹಾವಿನ ರೂಪವನ್ನ ಪೂರ್ತಿ ಬಿಟ್ಟುಬಿಡಬೇಡಿ, ಅದರಲ್ಲೂ ಸರಕಿದೆ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ವರ್ಣಿಸೋ ಬೆಸಿಲಿಸ್ಕ್ ಹನ್ನೆರಡು ಬೆರಳು ಉದ್ದಕ್ಕಿಂತ ದೊಡ್ಡದಲ್ಲ, ತಲೆ ಮೇಲೆ ಕಿರೀಟದಂಥ ಬಿಳಿ ಮಚ್ಚೆ, ಉಸಿರು ತಾಗಿದ ಗಿಡ ಒಣಗುತ್ತೆ. ಅದಕ್ಕೆ ಮಾರಕ ವೀಸಲ್, ಮುಂಗುಸಿಯಂತೆ ಕಾಣೋ ಪುಟ್ಟ ಪ್ರಾಣಿ. ನಮ್ಮ ಟೇಬಲ್‌ಗಳಲ್ಲಿ ಆ ಜಾಗಕ್ಕೆ ಮುಂಗುಸಿ ತಂದ್ರೆ ಯಾರಿಗೂ ವಿವರಿಸಬೇಕಾಗಿಲ್ಲ. ಎಸ್‌ಆರ್‌ಡಿಯಲ್ಲಿರೋ ವೀಸಲ್ ಸ್ಟ್ಯಾಟ್ ಬ್ಲಾಕ್ ಹಾಗೇ ಬಳಸಿ. ಕ್ವಾರಿಯ ಒಂದು ಬದಿಯಲ್ಲಿ ಮುಂಗುಸಿಯ ಬಿಲ, ಆ ಬದಿಯ ಹುಲ್ಲು ಮಾತ್ರ ಹಸಿರು ಅಂತ ಇಟ್ಟರೆ ಸುರಕ್ಷಿತ ದಾರಿಯ ಸುಳಿವಾಯ್ತು.

ಕಲ್ಲಾಗೋದು ಅಂದ ತಕ್ಷಣ ನಿಮ್ಮ ಪ್ಲೇಯರ್ಸ್‌ಗೆ ಅಹಲ್ಯೆ ನೆನಪಾಗ್ತಾಳೆ. ವಾಲ್ಮೀಕಿಯಲ್ಲಿ ಅವಳು ಕಲ್ಲಾಗಲ್ಲ, ಯಾರ ಕಣ್ಣಿಗೂ ಬೀಳದೆ ಬೂದಿಯಲ್ಲಿ ಮಲಗಿ ಗಾಳಿ ಸೇವಿಸಿಕೊಂಡು ಇರ್ತಾಳೆ. ಕಲ್ಲಿನ ಕಥೆ ಆಮೇಲಿನವರದು. ಶಾಪ ಬೇರೆ, ಪ್ರಾಣಿಯ ನೋಟ ಬೇರೆ ಅಂತ ಆಟದ ಮೊದಲೇ ಹೇಳಿಬಿಡಿ. ಇಲ್ಲದಿದ್ರೆ ಶಾಪ ಕೊಟ್ಟ ಋಷಿಯನ್ನ ಹುಡುಕಿಕೊಂಡು ಅರ್ಧ ಸಂಜೆ ಕಳೀತಾರೆ.

ಹಾಗಂತ ಕ್ವಾರಿಯಲ್ಲಿ ನಾಗರಕಲ್ಲು ಇಟ್ಟು ಅದನ್ನ ಒಡೆಯೋ ದೃಶ್ಯ ಮಾಡಬೇಡಿ. ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಇವತ್ತೂ ಹಾಲೆರೆಯೋ ಮನೆಯವರು ನಿಮ್ಮ ಟೇಬಲ್‌ನಲ್ಲೇ ಇರಬಹುದು. ಭೂತಾರಾಧನೆಯ ದೈವಗಳಿಗೂ ಇದೇ ಮಾತು, ಕೊಂದು ಎಕ್ಸ್‌ಪಿ (ಅನುಭವದ ಅಂಕ) ಗಳಿಸೋ ಲೆಕ್ಕಕ್ಕೆ ಅವು ಬೇಡ. ಪುರಾಣದ ರಾಕ್ಷಸರು, ಯಕ್ಷರು ಬೇಕಾದ್ರೆ ಪುರಾಣನಾಮ ಚೂಡಾಮಣಿ ನೋಡಿ. ಹೆಸರಿನ ಪ್ರಕಾರ ಹುಡುಕಬಹುದು. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಜಯನಗರ_ಡಿಎಂ
ಎಣ್ಣೆ, ಕುರಿ, ಮುಂಗುಸಿ ಮೂರೂ ಇಟ್ಟೆ. ರಸವಾದಿಯ ಮನೇಲಿ ಒಂದು ಕನ್ನಡಿನೂ ಇದೆ. ಕನ್ನಡಿ ಹಿಡಿದ ತಕ್ಷಣ ಆಟ ಮುಗಿದುಬಿಡುತ್ತಾ?

ಇಪ್ಪತ್ತುಮುಖ
ಇಲ್ಲ. ಪ್ರಖರ ಬೆಳಕು ಬೇಕೇ ಬೇಕು. ಟಾರ್ಚ್‌ನ, ಅಂದ್ರೆ ಪಂಜಿನ, ಪ್ರಖರ ಬೆಳಕು 20 ಅಡಿಯವರೆಗೆ ಮಾತ್ರ, ನೋಟ 30 ಅಡಿ ಮುಟ್ಟುತ್ತೆ. ಅಂದ್ರೆ ಗುಹೆ ಒಳಗೆ ಕನ್ನಡಿ ಹಿಡಿಯೋನು ನೋಟದ ಒಳಗೇ ಹೋಗಿ ನಿಲ್ಲಬೇಕು. ಕಣ್ಣು ಬೇರೆ ಕಡೆ ತಿರುಗಿಸಿದ್ರೆ ಸೇವ್ ತಪ್ಪುತ್ತೆ, ಆದರೆ ಅವನ ಮುಂದಿನ ಸರದಿವರೆಗೆ ಪ್ರಾಣಿ ಕಾಣಲ್ಲ: ಅವನ ಏಟಿಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಡೈಸ್ ಹಾಕಿ ಕಡಿಮೆ ಅಂಕಿ), ಅದರ ಕಡಿತಕ್ಕೆ ಅಡ್ವಾಂಟೇಜ್ (ಹೆಚ್ಚಿನ ಅಂಕಿ). ಕ್ವಾರಿಯ ಬಯಲಿಗೆ, ಮಧ್ಯಾಹ್ನದ ಬಿಸಿಲಿಗೆ ಅದನ್ನ ಎಳೆದು ತಂದ್ರೆ ಕನ್ನಡಿ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಹಾಗೆ ಬೆಸಿಲಿಸ್ಕ್ ತಾನೇ ಕಲ್ಲಾದ್ರೆ ಗಂಟಲೂ ಕಲ್ಲಾಗುತ್ತೆ, ಎಣ್ಣೆ ಸಿಗಲ್ಲ. ಇದನ್ನ ರಸವಾದಿ ಕನ್ನಡಿ ಕೈಗೆ ಕೊಡುವಾಗಲೇ ಹೇಳಿರಲಿ.